ಹೂವಿಲ್ಲ, ಎಲೆಯಿಲ್ಲ, ಬರೀ ಕಟ್ಟಿಗೆ

ಓದಿದವನಿಗೆ ಈ ಊರಿನಲ್ಲಿ ಮರ್ಯಾದೆಯಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಎಂಟು ದಿನ ಕಾದೆ, ಇಳಿಯಲಿಲ್ಲ. ವಿಜಯಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವನು ನಾನು. ವಾಕಿಂಗಿಗೆ ಹೋದಾಗ ಜೊತೆಯವರು ಕೇಳದಿದ್ದರೂ ನಿಂತು ನಿಂತು ಗಿಡಗಳ ಲ್ಯಾಟಿನ್ ಹೆಸರು ಹೇಳುತ್ತೇನೆ. ಈಚೆಗೆ ಒಬ್ಬನೇ ವಾಕಿಂಗಿಗೆ ಹೋಗುತ್ತೇನೆ, ಆ ಮಾತು ಬೇರೆ. ಅಂಥ ನನ್ನನ್ನು, ಎರಡನೇ ಇಯತ್ತೆ ದಾಟದ ನನ್ನ ಅಕ್ಕ ಒಂದು ತುಂಡು ಕಟ್ಟಿಗೆ ಹಿಡಿದು ಫೇಲು ಮಾಡಿದಳು.

ಮಗಳ ಕುಬಸ ಮನೆಯಲ್ಲೇ ಎಂದು ಠರಾಯಿಸಿದ್ದೆವು. ಚೊಚ್ಚಲ ಬಸುರಿ, ನೂರು ಜನರ ಊಟ. ಹೋಳಿಗೆ ಮಾಡಲು ಘೋಣಸಗಿಯಿಂದ ಇದೇ ಅಕ್ಕ, ಕಾಶವ್ವ, ಹಿಂದಿನ ದಿನವೇ ಬಂದಳು. ಗ್ಯಾಸ್ ಒಲೆ ತೋರಿಸಿದ್ದಕ್ಕೆ, "ಇದರ ಮ್ಯಾಲ ಚಾ ಮಾಡ್ಕೋರಿ. ನನಗ ಜಾಲಿ ಕಟ್ಟಿಗಿ ಬೇಕು. ಅದರ ಕೆಂಡ ತಡೀತೈತಿ," ಅಂದು ಹಿತ್ತಲಲ್ಲಿ ಕಲ್ಲಿಟ್ಟು ಒಲೆ ಹೂಡಿದಳು.

"ಮೋಸ ಮಾಡತಾರ, ನೋಡಿ ತಗೊಂಡ ಬರ್ರಿ" ಎಂದು ಹೆಂಡತಿ ಬೇರೆ ಹೇಳಿ ಕಳಿಸಿದ್ದಳು. ಸೊಲ್ಲಾಪುರ ರಸ್ತೆಯ ಕಟ್ಟಿಗೆ ಅಡ್ಡೆಯವನು ಒಂದು ರಾಶಿ ತೋರಿಸಿದ. ಹಿಂದೆ ಗೋಡೆಯ ಹತ್ತಿರ, ಗೋಣಿತಾಟು ಹೊದಿಸಿದ ಇನ್ನೊಂದು ರಾಶಿಯಿತ್ತು. ಒಳ್ಳೆಯ ಮಾಲನ್ನು ಯಾರಾದರೂ ಎದುರಿಗೆ ಇಡುತ್ತಾರೆಯೇ? ತಾಟು ಎತ್ತಿ ನೋಡಿದೆ. ಒರಟು ತೊಗಟೆ, ಆಳವಾದ ಸೀಳು, ಅಲ್ಲಲ್ಲಿ ಮುಳ್ಳು.

"ಜಾಲಿ ಅಂದರ ಇದು. ಇದನ್ನ ಹೇರು," ಅಂದೆ.

"ಸರ, ಅದು ಇಟ್ಟಂಗಿ ಭಟ್ಟಿಯವರಿಗೆ ಇಟ್ಟದ್ದರಿ. ಮನಿಗೆ ನಡಿಯಂಗಿಲ್ಲರಿ, ಅದು..."

"ನನಗ ಹೇಳಾಕ ಬರಬ್ಯಾಡ. ಮೂವತ್ತು ವರ್ಷ ಗಿಡದ ಪಾಠಾನ ಮಾಡೇನಿ."

ಅವನು ತಾಟು ಸರಿಸಿ ಹೇರತೊಡಗಿದ. ನಾನು ಟಂಟಂನಲ್ಲಿ ಕಟ್ಟಿಗೆಯ ಜೊತೆಗೇ ಕುಳಿತು ಗೆದ್ದವನ ಹಾಗೆ ಮನೆಗೆ ಬಂದೆ.

ಅಕ್ಕ ಒಂದು ತುಂಡು ಎತ್ತಿದಳು. ಉಗುರಿನಿಂದ ತೊಗಟೆ ಕೆರೆದಳು, ಕೊಯ್ದ ತುದಿಯನ್ನು ಮೂಸಿದಳು. ಆಮೇಲೆ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಕೈಮುಗಿದಳು.

"ತಮ್ಮಾ, ಬನ್ನಿ ತಂದೀಯಲ್ಲೋ."

ದಸರೆಗೆ ನಾವು ಪೂಜಿಸಿ, ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಬನ್ನಿ. ಅದನ್ನು ನಮ್ಮ ಮನೆತನದಲ್ಲಿ ಯಾರೂ ಒಲೆಗೆ ಇಟ್ಟಿಲ್ಲ, ಅದೂ ಬಸುರಿಯ ಊಟಕ್ಕೆ. ಅಲ್ಲವೇ ಅಲ್ಲ, ಜಾಲಿಯೇ ಎಂದು ವಾದಿಸಿದೆ.

"ಜಾಲಿ ತೊಗಟಿ ಕರ್ರಗ ಇರತೈತಿ, ಒಳಗ ತಿರುಳು ಕೆಂಪ. ಇದು ನೋಡು, ಬೂದಿ ಬಣ್ಣ. ಕಣ್ಣಿಲ್ಲೇನು? ನಾ ಒಲಿ ಹಚ್ಚಂಗಿಲ್ಲ," ಅಂದು ಅಕ್ಕ ಸೆರಗು ಕೊಡವಿ ಕೂತುಬಿಟ್ಟಳು. ಬೆಳಗಾದರೆ ನೂರು ಜನ ಬರುವವರು. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನೀವೇ ಹೇಳಿ, ಇದು ನ್ಯಾಯವೇ? ನಮ್ಮ ಶಾಸ್ತ್ರದಲ್ಲಿ ಗಿಡವನ್ನು ಗುರುತಿಸುವುದು ಎಲೆ ನೋಡಿ, ಹೂ ನೋಡಿ, ಕಾಯಿ ಬಿಡಿಸಿ. ಒಂದು ಹಸಿ ಟೊಂಗೆ ಕೊಟ್ಟಿದ್ದರೆ ಬನ್ನಿಯ ಕುಲಗೋತ್ರವನ್ನೆಲ್ಲ ಹೇಳುತ್ತಿದ್ದೆ. ಎಲೆ ಹೂ ಕಿತ್ತು, ಬರೀ ಬೊಡ್ಡೆಯನ್ನು ಮುಂದಿಟ್ಟು ಹೆಸರು ಹೇಳು ಅಂದರೆ? ಪರೀಕ್ಷೆಯಲ್ಲಿ ಅಂಥ ಪ್ರಶ್ನೆ ಕೊಟ್ಟಿದ್ದರೆ ನಮ್ಮ ಹುಡುಗರು ಕಾಲೇಜಿಗೆ ಕೀಲಿ ಹಾಕುತ್ತಿದ್ದರು.

ಮತ್ತೆ ಅಡ್ಡೆಗೆ ಹೋದೆ. ಅಡ್ಡೆಯವನು ನಕ್ಕಿದ್ದರೆ ಕ್ಷಮಿಸುತ್ತಿದ್ದೆ. ನಗಲಿಲ್ಲ. ನಾನು ಬೇಡವೆಂದ ರಾಶಿಯಿಂದಲೇ ಒಂದೊಂದು ತುಂಡೂ ಎತ್ತಿ, "ಇದು ಜಾಲಿರಿ ಸರ, ಇದೂ ಜಾಲಿರಿ," ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿ ಹೇಳಿ ಹೇರಿದ. ಆ ಸಿಟ್ಟು ಇನ್ನೂ ಇದೆ.

ಕುಬಸ ಚೆನ್ನಾಗಿಯೇ ಆಯಿತು. ಎಲ್ಲರೂ ಹೋಳಿಗೆಯನ್ನು ಹೊಗಳಿದರು. ಕಟ್ಟಿಗೆ ಯಾರು ತಂದರೆಂದು ಒಬ್ಬರೂ ಕೇಳಲಿಲ್ಲ. ಬನ್ನಿಯನ್ನು ವಾಪಸು ಕೊಟ್ಟು ಬರುತ್ತೇನೆ ಅಂದದ್ದಕ್ಕೆ ಅಕ್ಕ, "ಮನಿಗೆ ಬಂದ ಬನ್ನೀನ ಭಟ್ಟಿಗೆ ಹಾಕಸ್ತೀಯೇನು?" ಎಂದು ಬೈದು, ಅದಕ್ಕೆ ಕುಂಕುಮ ಹಚ್ಚಿ ಊರಿಗೆ ಹೋದಳು. ರಾಶಿ ಹಿತ್ತಲಲ್ಲೇ ಇದೆ. ಹೆಂಡತಿ ದಿನಾ ಬೆಳಿಗ್ಗೆ ಅದಕ್ಕೊಂದು ಚೆಂಡುಹೂ ಏರಿಸುತ್ತಾಳೆ. ನಾನು ಸ್ನಾನ ಮಾಡಿ ಬಂದು ಕೈಮುಗಿಯುವವರೆಗೆ ಚಹಾ ಇಲ್ಲ. ಕೈಮುಗಿಯುತ್ತೇನೆ. ಈಗ ನೋಡಿದ ಕೂಡಲೇ ಬನ್ನಿ ಎಂದು ಹೇಳಬಲ್ಲೆ; ಹೂವಿದ್ದ ಮೇಲೆ ಗುರುತಿಸುವುದು ನನಗೇನೂ ಕಷ್ಟವಲ್ಲ.