ಖಾಲಿ ಡ್ರಮ್ಮಿನ ಮಂಗಳಾರತಿ

ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿಟ್ಟ ನಮ್ಮ ಹಿರಿಯರು ಖಾಲಿ ಕೊಡದ ವಿಷಯದಲ್ಲಿ ಸರಿಯಾದ ಎಚ್ಚರಿಕೆ ಕೊಡಲಿಲ್ಲ ಎಂಬುದು ನನ್ನ ದೂರು. ಅದು ಸಿಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಬೆಂಗಳೂರಿನ ಒಂದು ವಿಮಾನ ರಿಪೇರಿ ಷೆಡ್ಡಿಗೆ ಕೆಲಸಕ್ಕೆ ಸೇರಿದ ಮೇಲೆ. ವಿಮಾನದ ಪೆಟ್ರೋಲ್ ಟ್ಯಾಂಕಿನೊಳಗೆ ಕೈಹಾಕುವವರಿಗೆಲ್ಲ ಅಲ್ಲಿ ಮೊದಲು ತರಬೇತಿ. ಪಾಠ ಹೇಳುವ ಫೋರ್‌ಮನ್ನರು ಮಾತಿಗೆ ಮುಂಚೆ ಅಂಗೈ ಚಾಚಿ ಎಲ್ಲರ ಬೆಂಕಿಪೊಟ್ಟಣ ವಸೂಲು ಮಾಡಿದರು. ಆಮೇಲೆ ಒಂದು ಡಬ್ಬಕ್ಕೆ ತುಸು ಪೆಟ್ರೋಲು ಹಾಕಿ, ಕುಲುಕಿ, ಚೆಲ್ಲಿ, ಮುಚ್ಚಳ ಮುಚ್ಚಿ, "ಈಗ ಒಳಗೇನಿದೆ?" ಎಂದರು. "ಏನೂ ಇಲ್ಲ ಸಾರ್" ಎಂದೆ. ಅವರು ದೂರ ನಿಂತು, ಡಬ್ಬದೊಳಕ್ಕೆ ಬಿಟ್ಟಿದ್ದ ವೈರಿನಲ್ಲಿ ಕಿಡಿ ಹಾರಿಸಿದರು. ಮುಚ್ಚಳ ಸೂರಿಗೆ ಬಡಿಯಿತು. ನಾನು ಬೆಂಚಿನ ಕೆಳಗಿದ್ದೆ. "ಸಿಡಿಯೋದು ಎಣ್ಣೆಯಲ್ಲಯ್ಯ, ಅದರ ಆವಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೆ ಹೆದರು" ಎಂದು ಅವರು ಹೇಳಿದ್ದನ್ನು ನಾನು ಬೆಂಚಿನ ಕೆಳಗಿನಿಂದಲೇ ಕಲಿತೆ.

ಆ ವರ್ಷವೇ ನನ್ನ ಮದುವೆ. ಮೊದಲ ದೀಪಾವಳಿಗೆ ಹೊನ್ನೂರಿನ ಮಾವನ ಮನೆಗೆ ಹೋದೆ. ಅಳಿಯ ಬರುತ್ತಾನೆಂದು ಮಾವನವರು ಬಚ್ಚಲಿಗೆ ನೀರು ತುಂಬಿಡಲು ಕೊಳ್ಳೇಗಾಲದಿಂದ ಒಂದು ಖಾಲಿ ಪೆಟ್ರೋಲ್ ಡ್ರಮ್ಮು ತರಿಸಿದ್ದರು. ನಮ್ಮ ಕಡೆ ಮನೆಗೆ ಹೊಸದಾಗಿ ಏನೇ ಬರಲಿ, ಎತ್ತಾಗಲಿ ಒರಳಾಗಲಿ, ವಿಭೂತಿ ಬಳಿದು ಕರ್ಪೂರ ಬೆಳಗದೆ ಬಳಸುವುದಿಲ್ಲ. ನಾನು ತೋಟ ನೋಡಿಕೊಂಡು ಬರುವಷ್ಟರಲ್ಲಿ ಅಂಗಳದ ಡ್ರಮ್ಮಿನ ಹೊಟ್ಟೆಗೆ ಮೂರು ಪಟ್ಟೆ ವಿಭೂತಿ, ಬಾಯಿಯ ಬಿರಡೆ ತೆಗೆದು ಪಕ್ಕದಲ್ಲಿ ಚೆಂಡುಹೂವು. ನನ್ನ ಹೊಸ ಹೆಂಡತಿ ಉರಿಯುವ ಕರ್ಪೂರದ ತಟ್ಟೆ ಹಿಡಿದು ಅತ್ತ ಹೊರಟಿದ್ದಳು!

ನನ್ನ ಜೀವ ಬಾಯಿಗೆ ಬಂತು. ಕಾಲು ತೊಳೆಯಲು ಕೊಟ್ಟಿದ್ದ ಚೊಂಬಿನ ನೀರನ್ನು ಓಡಿಹೋಗಿ ಆರತಿಯ ಮೇಲೆ ಸುರಿದುಬಿಟ್ಟೆ.

ಅತ್ತೆ ಸೆರಗು ಬಾಯಿಗೆ ತುರುಕಿ, "ಹಬ್ಬದ ದಿವ್ಸ ಆರ್ತಿ ಆರಿಸ್ಬುಟ್ರಲ್ಲಪ್ಪಾ! ನನ್ ಮಗ್ಳ ಗತಿ ಯಾನ?" ಎಂದು ಅಳತೊಡಗಿದರು. ನಾನು ಆವಿ, ಕಿಡಿ, ಡಬ್ಬ, ಮುಚ್ಚಳ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಾವ ಡ್ರಮ್ಮಿನೊಳಗೆ ಇಣುಕಿದರು.

"ಬರೀ ಖಾಲಿ ಕಣ್ರಿ. ಯಾನಿದ್ದದು ಇದ್ರೊಳ್ಗ?"

"ಏನೂ ಇಲ್ಲ ಮಾವ. ಅದಕ್ಕೇ ಹೆದರಬೇಕು."

ಅವರು ಮಗಳ ಕಡೆ ತಿರುಗಿ ನೋಡಿದ ನೋಟದಲ್ಲಿ, ಹುಚ್ಚನಿಗೆ ಕೊಟ್ಟೆನಲ್ಲ ಎಂಬ ಮರುಕ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಅತ್ತೆ ಇನ್ನೊಂದು ಬಿಲ್ಲೆ ಕರ್ಪೂರಕ್ಕೆ ಒಳಗೆ ಹೊರಟರು. ಫೋರ್‌ಮನ್ನರ ವಿದ್ಯೆ ಮುಗಿದಿತ್ತು. ದಿಕ್ಕು ತೋಚದೆ, "ಖಾಲಿ ಕೊಡಕ್ಕೆ ಯಾರಾದರೂ ಪೂಜೆ ಮಾಡ್ತಾರಾ ಅತ್ತೆ? ಪೂರ್ಣಕುಂಭಕ್ಕಲ್ಲವಾ?" ಎಂದೆ.

ಅತ್ತೆಯ ಅಳು ನಿಂತಿತು. "ಅದು ನ್ಯಾಯ ಕಣ್ರಿ," ಎಂದರು ಮಾವ, "ಮೊದ್ಲೇ ಯೋಳ್ಬಾರ್ದಾ?" ಡ್ರಮ್ಮಿಗೆ ಉಕ್ಕಿ ಹರಿಯುವಷ್ಟು ನೀರು ಬಿತ್ತು. ವಾಸನೆ ಪೂರ್ತಿ ಹೋದ ಮೇಲೆ, ಮಾರನೆಯ ದಿನ, ದೂರದಿಂದಲೇ ಆರತಿಯಾಯಿತು.

ಊರಿಗೆ ಹೊರಟ ದಿನ ಮಾವ ಯಳಂದೂರಿನವರೆಗೆ ಬಂದರು. ಬಸ್ಸು ತಡ. ಹಬ್ಬದುದ್ದಕ್ಕೂ ಅದುಮಿಟ್ಟ ಸಿಗರೇಟಿನ ಚಪಲ ಕಾಡತೊಡಗಿತು. ಮಾವನ ಎದುರು ಸೇದುವುದುಂಟೇ? ಮರ್ಯಾದೆ ಎಂಬುದೊಂದಿದೆ. ಮೆಲ್ಲನೆ ಪೆಟ್ರೋಲ್ ಅಂಗಡಿಯ ಹಿಂದೆ ನುಸುಳಿ, ಒಳ್ಳೆ ಮರೆ ನೋಡಿ ಕುಳಿತು, ಕಡ್ಡಿಯನ್ನು ಪೊಟ್ಟಣಕ್ಕೆ ತಾಗಿಸಿದ್ದೆ. ಯಾರೋ ಮಣಿಕಟ್ಟು ಹಿಡಿದರು. ಮಾವ! ಅವರ ಮುಖ ಬಿಳಿಚಿಕೊಂಡಿತ್ತು. ಇನ್ನೊಂದು ಕೈಯಿಂದ ಅವರು ನಾನು ಒರಗಿ ಕುಳಿತಿದ್ದುದನ್ನು ತಟ್ಟಿದರು. ಢಣ್ ಎಂದಿತು. ನನ್ನ ಆಚೆಗೂ ಈಚೆಗೂ ಬಿರಡೆಯಿಲ್ಲದ ಖಾಲಿ ಡ್ರಮ್ಮುಗಳೇ.

"ಅಳಿಯಂದ್ರೇ, ಇದು ಪೂರ್ಣಕುಂಭವಾ?"

ಆಮೇಲೆ ಅಂಗೈ ಚಾಚಿದರು. ನಾನು ಬೆಂಕಿಪೊಟ್ಟಣ ಒಪ್ಪಿಸಿದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ರಸ್ತೆಯವರೆಗೆ ಎಳೆದುಕೊಂಡು ಬಂದ ಮೇಲೆಯೇ ಅವರು ಉಸಿರುಬಿಟ್ಟದ್ದು.

"ಸೇದೋದಾದ್ರ ಇನ್ಮೇಲೆ ನನ್ ಮುಂದ್ಲೇ ಸೇದಿ. ಮರ್ವಾದಿ ಓದ್ರ ಓಗ್ಲಿ, ಅಳಿಯ ಉಳ್ಕಳ್ಲಿ."