ನೀಲಿ ಕುರ್ಚಿ, ಎಂಟು ಬಿಸ್ಕತ್ತು

ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳಿಗೆ ಎಷ್ಟು ಕಲಿಸಿದೆನೋ ಗೊತ್ತಿಲ್ಲ, ಅವರ ಮನೆಯವರ ಮುಂದೆ ಪೆದ್ದಿಯಾದದ್ದಕ್ಕಂತೂ ಲೆಕ್ಕವಿಲ್ಲ. "ನಿನಗೇ ಯಾಕೆ ಹೀಗೆಲ್ಲ ಆಗೋದು?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂರುವವರಿಗೆ ಇದೆಲ್ಲ ಎಲ್ಲಿಂದ ಆಗಬೇಕು? ಈ ವರ್ಷದ್ದನ್ನೇ ಕೇಳಿ.

೧. ಅಳುವ ತರಬೇತಿ

ಏಳನೇ ತರಗತಿಯ ಒಬ್ಬ ಹುಡುಗಿ ಮೂರು ವಾರದಿಂದ ಶಾಲೆಗೆ ಬಂದಿರಲಿಲ್ಲ. ಲೆಕ್ಕದಲ್ಲಿ ನನಗಿಂತ ಚುರುಕು. ಇನ್ನಷ್ಟು ದಿನ ಹೀಗೇ ಹೋದರೆ ಅವಳನ್ನು 'ಶಾಲೆ ಬಿಟ್ಟವಳು' ಎಂದು ಬರೆಯಬೇಕಾಗಿತ್ತು. ಅದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಅದೇ ವಾರ ನಮ್ಮ ಶಾಲೆಯಲ್ಲೇ ಒಂದು ತರಬೇತಿ ನಡೆಯಿತು. ಬಡತನದಲ್ಲಿರುವ ಮಕ್ಕಳಿಗೆ, ಅವರ ಮನೆಯವರಿಗೆ ಶಿಕ್ಷಕರು ಹೇಗೆ ನೆರವಾಗಬೇಕು ಎಂಬುದು ವಿಷಯ. ಹೇಳಿಕೊಡಲು ಇಂದಿರಾನಗರದಿಂದ ಒಬ್ಬರು ಬಂದಿದ್ದರು. "ಮನೆಮನೆಗೆ ಹೋಗಿ. ಆದ್ರೆ ಅವರಿಗೆ ಹೊರೆ ಆಗ್ಬೇಡಿ. ಏನ್ ಕೊಟ್ರೂ ಮುಟ್ಬೇಡಿ" ಎಂದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ.

ಆಮೇಲೆ ಅಭಿನಯ. ನಮ್ಮ ಮುಖ್ಯೋಪಾಧ್ಯಾಯಿನಿ ಬಡ ತಾಯಿ, ಪಿ.ಟಿ. ಮೇಷ್ಟ್ರು ಮನೆಗೆ ಬಂದ ಶಿಕ್ಷಕ. ದೊಡ್ಡ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಎದೆ ಬಡಿದುಕೊಳ್ಳುತ್ತಾ ಹತ್ತು ನಿಮಿಷ ಅತ್ತರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೀ ತಂದಿದ್ದ ಬಿಸಿಯೂಟದ ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದರು.

"ಹೇಗಿತ್ತಕ್ಕಾ?" ಎಂದು ಮೇಡಂ ಕೇಳಿದರು.

"ಚೆನ್ನಾಗ್ ಅತ್ರಿ ಮೇಡಂ. ಆದ್ರೆ ನಮಗೆಲ್ಲ ಅಷ್ಟೊತ್ತು ಅಳೋಕೆ ಪುರುಸೊತ್ತು ಎಲ್ಲಿರುತ್ತೆ?"

೨. ಕುರ್ಚಿಯ ಹಿಂದೆ ಹಿಂದೆ

ಹುಡುಗಿಯ ಗಲ್ಲಿಯಲ್ಲಿ ಸರಿಯಾಗಿ ಶಾಲೆಗೆ ಬಾರದ ಮಕ್ಕಳ ಮನೆ ಒಟ್ಟು ಐದು. ಅವಳದು ಕೊನೆಯದು. ಸಂಜೆ ಐದಕ್ಕೆ, ಕೆಲಸಕ್ಕೆ ಹೋದ ತಾಯಂದಿರು ಮರಳುವ ಹೊತ್ತಿಗೆ ಹೊರಟೆ.

ಮೊದಲ ಮನೆಯಲ್ಲಿ "ವಾಂಗ ಟೀಚರ್" ಎಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹೂವಿನ ಚಿತ್ರದ ತಟ್ಟೆಯಲ್ಲಿ ಎಂಟು ಬಿಸ್ಕತ್ತು ಬಂತು. ನಾನು ಬೇಡ ಎಂದು ಕೈಮುಗಿದೆ. ಎರಡನೇ ಮನೆಯಲ್ಲೂ ನೀಲಿ ಕುರ್ಚಿ, ಹೂವಿನ ತಟ್ಟೆ, ಎಂಟು ಬಿಸ್ಕತ್ತು. ಅಲ್ಲೂ ಬೇಡ ಎಂದೆ. ಮೂರನೇ ಮನೆಯಲ್ಲಿ ಕುರ್ಚಿ ಸ್ವಲ್ಪ ಬೆಚ್ಚಗೆ ಅನ್ನಿಸಿತು. ಇಡೀ ಗಲ್ಲಿಯವರು ಒಂದೇ ಅಂಗಡಿಯಲ್ಲಿ ಕೊಂಡಿದ್ದಾರೇನೋ ಅಂದುಕೊಂಡೆ. ಹೇಳಿಕೊಳ್ಳುವುದಕ್ಕೆ ನಾನು ಗಣಿತದ ಟೀಚರ್!

ನಾಲ್ಕನೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. "ಬೈಠೋ ಟೀಚರಮ್ಮಾ" ಎಂದು ಕೂರಿಸಿ ತಟ್ಟೆ ನೀಡಿದರು. ನಾನು ಕೈಮುಗಿದೆ. ಅಜ್ಜಿಯ ಮುಖ ಬಾಡಿತು. "ಯಾಕಮ್ಮಾ, ನಮ್ಮನೇದು ತಿನ್ನಲ್ವಾ?" ಎಂದರು. ನನಗೆ ನಾಚಿಕೆಯಾಯಿತು. ತರಬೇತಿ ಹಾಳಾಗಲಿ ಎಂದು ಒಂದು ಬಾಯಿಗಿಟ್ಟೆ. ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ತಟ್ಟೆ ಖಾಲಿಯಾದದ್ದೇ ತಿಳಿಯಲಿಲ್ಲ.

ಬಾಗಿಲ ಹೊರಗೆ ಯಾರೋ ಉಸಿರೆಳೆದುಕೊಂಡಂತಾಯಿತು. ನೋಡಿದರೆ ನಾನು ಹುಡುಕಿಕೊಂಡು ಬಂದಿದ್ದ ಅದೇ ಹುಡುಗಿ! ಸೊಂಟದ ಮೇಲೆ ಪುಟ್ಟ ತಂಗಿ. ಮನೆಯಿಂದ ಮನೆಗೆ ನನಗಿಂತ ಮುಂಚೆ ಕುರ್ಚಿ, ತಟ್ಟೆ ದಾಟಿಸುತ್ತಿದ್ದವಳು ಅವಳೇ. ನಾನು ಬಾಯಿ ಒರೆಸಿಕೊಳ್ಳುವ ಮೊದಲೇ ತನ್ನ ಮನೆಯ ಕಡೆ ಓಡುತ್ತಾ ಕಿರುಚಿದಳು:

"ಅಮ್ಮಾ! ಮಿಸ್ಸು ಎಲ್ಲಾ ತಿಂದ್ಬಿಟ್ರು! ಈಗ ನಮ್ಮನೇಲಿ ಏನ್ ಕೊಡೋದು?"

೩. ಸೇತುವೆಯ ಮೇಲಿನ ಟ್ರಾಫಿಕ್ಕು

ಐದನೇ ಮನೆಯಲ್ಲಿ ಬಿಸ್ಕತ್ತು ಸಿಗಲಿಲ್ಲ, ಕಾರಣ ಸಿಕ್ಕಿತು. ಕೂಸನ್ನು ನೋಡಿಕೊಳ್ಳುತ್ತಿದ್ದ ಆ ಮನೆಯ ಅಜ್ಜಿ ತೀರಿಕೊಂಡಿದ್ದರು. ತಾಯಿ ಕುಕ್ ಟೌನ್‌ನಲ್ಲಿ ಮೂರು ಮನೆಗೆಲಸ ಮಾಡುತ್ತಿದ್ದಳು, ಅಲ್ಲಿ ಯಾರೂ ಮಗುವನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಹುಡುಗಿಗೆ ಶಾಲೆ ತಪ್ಪಿತ್ತು. "ನಾಳೆಯಿಂದ ಮಗೂನೂ ಕರ್ಕೊಂಡ್ ಬಾ" ಎಂದುಬಿಟ್ಟೆ. ದೊಡ್ಡ ಮೇಡಂ ನನ್ನನ್ನು ಬೈದರು. ಬೈಯುತ್ತಲೇ ತಮ್ಮ ಮೇಜಿನ ಪಕ್ಕ ಚಾಪೆ ಹಾಸಿದರು.

ಹತ್ತು ದಿನ ಎಲ್ಲ ಚೆನ್ನಾಗಿ ನಡೆಯಿತು. ಹನ್ನೊಂದನೇ ದಿನ ಹೇಳದೆ ಕೇಳದೆ ತಪಾಸಣೆಯ ಅಧಿಕಾರಿ ಬಂದರು. ಕಚೇರಿಯಲ್ಲಿ ಕೂಸು ಹಾಜರಿ ಪುಸ್ತಕದ ಮೂಲೆ ಚೀಪುತ್ತಾ ಕೂತಿತ್ತು.

"ಯಾರದ್ರೀ ಈ ಮಗು?"

"ನನ್ನ ಮೊಮ್ಮಗು ಸಾರ್" ಎಂದರು ಮೇಡಂ. ಅದೇ ಕ್ಷಣಕ್ಕೆ "ನಂದೇ ಸಾರ್" ಎಂದರು ಪಿ.ಟಿ. ಮೇಷ್ಟ್ರು. ಅವರಿಗಿನ್ನೂ ಮದುವೆಯಾಗಿಲ್ಲ. ಬಿಸಿಯೂಟದ ಅಕ್ಕ ಸೌಟು ಹಿಡಿದೇ ಬಂದು, "ನಮ್ಮನೆ ಕೂಸು" ಎಂದರು.

ಅಷ್ಟರಲ್ಲಿ ಹುಡುಗಿ ತರಗತಿಯಿಂದ ಬಂದು ನಿಂತಳು. "ನನ್ನ ತಂಗಿ ಸಾರ್. ಇವಳನ್ನ ಕಳಿಸಿದ್ರೆ ನಾನೂ ಹೋಗ್ಬೇಕು."

ಅಧಿಕಾರಿ ಪುಸ್ತಕ ಬಿಡಿಸಿಕೊಳ್ಳಲು ಹೋದರು. ಕೂಸು ಕಿರುಚಿತು. ಗಾಬರಿಯಾಗಿ ಎತ್ತಿಕೊಂಡರು. ಅದು ಅವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಯಿತು. ಕೆಳಗಿಳಿಸಲು ಮೂರು ಸಲ ನೋಡಿದರು, ಮೂರು ಸಲವೂ ಅಳು. ಅಷ್ಟರಲ್ಲಿ ಮುಂದಿನ ಶಾಲೆಯಿಂದ ಫೋನು ಬಂತು. ಅವರು ಪಿಸುಗುಟ್ಟಿದರು: "ಕೆ.ಆರ್. ಪುರಂ ಸೇತುವೆ ಮೇಲೆ ಸಿಕ್ಕಾಕ್ಕೊಂಡಿದೀನಿ ಕಣ್ರೀ. ಒಂದಿಂಚು ಅಲ್ಲಾಡೋಕೆ ಆಗ್ತಿಲ್ಲ."

ಒಂದೂವರೆ ಗಂಟೆಯ ನಂತರ ಒಂದೇ ಕೈಯಲ್ಲಿ ಭೇಟಿ ಪುಸ್ತಕದಲ್ಲಿ ಬರೆದರು: "ಹಾಜರಾತಿ ಸುಧಾರಿಸಿದೆ. ತುರ್ತಾಗಿ ಒಂದು ತೊಟ್ಟಿಲು ಬೇಕು." ಹುಡುಗಿ ಅದನ್ನು ಎರಡು ಸಲ ಓದಿ ತರಗತಿಗೆ ಓಡಿದಳು.

ದೊಡ್ಡ ಸಾಹೇಬರು ಬಂದಿದ್ದಾರೆಂಬ ಸುದ್ದಿ ಗಲ್ಲಿಗೆ ಮುಟ್ಟಿತ್ತು. ಅಂದು ಕೆಲಸದಿಂದ ಬೇಗ ಬಂದಿದ್ದ ಹುಡುಗಿಯ ತಾಯಿ ನೀಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಹೂವಿನ ತಟ್ಟೆ ಹಿಡಿದು ಓಡಿ ಬಂದಳು. ಅಧಿಕಾರಿ ಕುರ್ಚಿಯಲ್ಲಿ ಕೂತು, ಎಂಟು ಬಿಸ್ಕತ್ತು ನೋಡಿ, ಅಭ್ಯಾಸದಂತೆ "ಬೇಡಮ್ಮ" ಎಂದರು.

ಅವಳು ತಟ್ಟೆಯನ್ನು ಇನ್ನಷ್ಟು ಮುಂದೆ ಹಿಡಿದು, ನನ್ನ ಕಡೆ ಒಮ್ಮೆ ನೋಡಿ ಹೇಳಿದಳು: "ಧೈರ್ಯವಾಗಿ ತಿನ್ನಿ ಸಾರ್. ಇವತ್ತು ಈ ತಟ್ಟೆ ಬೇರೆ ಯಾರ ಮನೆಗೂ ಹೋಗ್ಬೇಕಾಗಿಲ್ಲ."