ಎಂಟನೇ ಮಹಡಿಯ ನೆಲಮಹಡಿ

ಒಂದೇ ಒಂದು ಸಾಲು ತಪ್ಪಿದ್ದಕ್ಕೆ ಯಜಮಾನರು ಎಂಟನೇ ಮಹಡಿಯ ನೀರಿನ ಟ್ಯಾಂಕುಗಳ ನಡುವೆ ಕೂರಬೇಕಾಗಿ ಬಂತು. ಅದೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೂರನೇ ದಿನ.

ಲಿಫ್ಟುಗಳಿಗೆ ಪ್ರೋಗ್ರಾಮ್ ಬರೆಯುವ ಆ ಆಫೀಸಿನಲ್ಲಿ ಸಾಲು ತಪ್ಪಿಸಿದವನನ್ನು ಎಲ್ಲರೂ ಸಿಡುಕ ಎನ್ನುತ್ತಿದ್ದರು. ಸಿಡುಕುವುದಕ್ಕೆ ಅವನಿಗೆ ಕಾರಣವೂ ಇತ್ತು. ಆರು ವರ್ಷದಿಂದ ಅದೇ ಮುರುಕು ಕುರ್ಚಿ, ಅದೇ ಕಿರಿಯ ಇಂಜಿನಿಯರ್ ಹುದ್ದೆ. ‘ಹೊಸ ಪ್ರೋಗ್ರಾಮ್ ಹಾಕಿ ನಮ್ಮ ಕಟ್ಟಡದ ಲಿಫ್ಟನ್ನೇ ಓಡಿಸಿ ತೋರಿಸು, ಅವತ್ತೇ ಹಿರಿಯ ಇಂಜಿನಿಯರ್ ಹುದ್ದೆಯ ಮಾತಾಡೋಣ’ ಎಂದಿದ್ದರು ಯಜಮಾನರು. ಆ ದಿನ ಇವತ್ತೇ.

ಬೆಳಿಗ್ಗೆ ಹತ್ತಕ್ಕೆ ಯಜಮಾನರು ಊರುಗೋಲೂರಿಕೊಂಡು ನೆಲಮಹಡಿಯಲ್ಲಿ ಲಿಫ್ಟಿನೊಳಗೆ ಹೋಗಿ ಐದು ಒತ್ತಿದರು. ಲಿಫ್ಟು ಸದ್ದಿಲ್ಲದೆ ಐದಕ್ಕೆ ಏರಿತು. ಕೆಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಸಿಡುಕ ಆಫೀಸಿನಲ್ಲಿ ಮೊದಲ ಸಲ ಹಲ್ಲು ಬಿಟ್ಟ.

ಇಳಿಯಲೆಂದು ಯಜಮಾನರು ನೆಲಮಹಡಿಯ ಗುಂಡಿ ಒತ್ತಿದರು. ಲಿಫ್ಟು ಕದಲಲಿಲ್ಲ. ಬಾಗಿಲು ತೆರೆದು, “ನೆಲಮಹಡಿ ಬಂದಿದೆ, ಧನ್ಯವಾದಗಳು” ಎಂದಿತು ಒಳಗಿನ ಹೆಣ್ಣುದನಿ.

ಫೋನು ಬಂತು. “ಏನಯ್ಯ ಇದು? ಐದರಲ್ಲೇ ಇದೀನಿ, ನೆಲಮಹಡಿ ಅಂತಾಳೆ ಇವಳು!”

“ಮೂರು ಒತ್ತಿ ನೋಡಿ ಸರ್, ಇಳಿಯುತ್ತೆ.”

ಒತ್ತಿದರು. ತಾನು ನೆಲದಲ್ಲೇ ಇದ್ದೇನೆಂದು ನಂಬಿದ್ದ ಲಿಫ್ಟು ಮೂರು ಮಹಡಿ ಏರಿತು. ಐದಕ್ಕೆ ಮೂರು ಸೇರಿ ಎಂಟು, ನೀರಿನ ಟ್ಯಾಂಕುಗಳಿರುವ ತಾರಸಿ.

ಸಹಾಯಕ್ಕೆ ಜನ ಕಮ್ಮಿಯೇ? “ಆಫ್ ಮಾಡಿ ಆನ್ ಮಾಡಪ್ಪ, ನಮ್ಮನೆ ಟೀವಿ ಹಾಗೇ ಸರಿಹೋಗೋದು” ಎಂದರು ರಿಸೆಪ್ಷನ್ ಅಕ್ಕ. ಹಾಗೇ ಮಾಡಿದ. ಕತ್ತಲಲ್ಲಿ ಯಜಮಾನರು ಬೈದ ಬೈಗುಳ ಎಂಟೂ ಮಹಡಿಗೆ ಕೇಳಿಸಿತು. ಲಿಫ್ಟು ಎಚ್ಚೆತ್ತು ಮತ್ತೆ ‘ನೆಲಮಹಡಿ ಬಂದಿದೆ’ ಎಂದಿತು. ಯಜಮಾನರು ಹೊರಬಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಅವರನ್ನು ಹೊತ್ತು ತರುತ್ತೇನೆಂದು ಮೆಟ್ಟಿಲು ಹತ್ತಿದ ವಾಚ್‌ಮನ್ ತಾತ ಏದುಸಿರು ಬಿಡುತ್ತಾ ಅವರ ಪಕ್ಕದಲ್ಲೇ ಕೂತುಬಿಟ್ಟ.

ಸಿಡುಕ ಉರಿಯುತ್ತಾ ಪಂಡಿತನ ಮೇಜಿಗೆ ಹೋದ. ಆಫೀಸಿನ ಪ್ರೋಗ್ರಾಮೆಲ್ಲ ‘ಫಂಕ್ಷನಲ್’ ಎಂಬ ಬಗೆಯ ಕಂಪ್ಯೂಟರ್ ಭಾಷೆಯಲ್ಲೇ ಇರಬೇಕೆಂದು ಹಟ ಹಿಡಿದಿದ್ದವನು ಈ ಪಂಡಿತನೇ.

“ಪ್ರೋಗ್ರಾಮಿನಲ್ಲಿ ಕ್ಲಾಸ್ ಅಂದ್ರೆ ಅಚ್ಚು, ಆಬ್ಜೆಕ್ಟ್ ಅಂದ್ರೆ ಅದರಿಂದ ತೆಗೆದ ಲೆಕ್ಕದ ಲಿಫ್ಟು. ಅಷ್ಟು ನನಗೂ ಗೊತ್ತು. ಐದಕ್ಕೆ ಹೋಗು ಅಂದ್ಮೇಲೆ ಅದು ಐದರಲ್ಲಿದೀನಿ ಅಂತ ಬರ್ಕೋಬೇಕು ತಾನೇ? ಏನು ದಾಡಿ ಅದಕ್ಕೆ?”

ಪಂಡಿತ ನಿಧಾನವಾಗಿ ಕಾಫಿ ಹೀರಿದ. “ನೀರಿಗೆ ಉಪ್ಪು ಹಾಕಿದ್ರೆ ಏನಾಗುತ್ತೆ?”

“ಮೇಲೆ ಯಜಮಾನ್ರು ಒಣಗ್ತಿದಾರೆ, ನಿನಗೆ ಉಪ್ಪು ನೀರಾ!”

“ಕೇಳು ಮಾರಾಯ. ನಾವು ಆಬ್ಜೆಕ್ಟನ್ನ ಬರೆಯೋ ರೀತೀಲಿ ಹಳೇ ನೀರು ಹಾಗೇ ಇರುತ್ತೆ, ಪಕ್ಕದಲ್ಲಿ ಇನ್ನೊಂದು ಪಾತ್ರೆ ಉಪ್ಪುನೀರು ಹುಟ್ಟುತ್ತೆ. ಐದರಲ್ಲಿದೀನಿ ಅಂತ ಬರ್ಕೊಂಡಿರೋ ಹೊಸ ಲೆಕ್ಕದ ಲಿಫ್ಟನ್ನ ಪ್ರೋಗ್ರಾಮು ನಿನ್ನ ಕೈಗೇ ಕೊಡ್ತು. ನೀನು ಅದನ್ನ ಇಟ್ಕೊಳ್ಳೋ ಸಾಲು ಬರೀದೆ ಚೆಲ್ಲಿಬಿಟ್ಟೆ. ಈಗ ಹಳೇ ನೀರು ಕುಡೀತಾ ಉಪ್ಪಿಲ್ಲ ಅಂತ ಬೈತಿದೀಯ.”

ಸಿಡುಕನಿಗೆ ಪಂಡಿತನ ಮೇಲೆ, ಭಾಷೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಕೆಟ್ಟ ಕೋಪ ಬಂತು. ಅಷ್ಟರಲ್ಲಿ ಮೇಲಿನಿಂದ ಯಜಮಾನರ ಫೋನು. “ಏನಾಗಿದೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳು.”

“ಸರ್, ಇಲ್ಲಿ ಹಳೇದನ್ನ ಮುಟ್ಟಲ್ಲ. ಏನಾದ್ರೂ ಬದಲಾಗ್ಬೇಕಂದ್ರೆ ಅದೇ ಅಚ್ಚಿನ ಹೊಸದೊಂದನ್ನ ಮಾಡಿ, ಒಂದಂಶ ಮಾತ್ರ ಬೇರೆ ಇಡ್ತೀವಿ.”

“ಹಳೇದಕ್ಕೆ ತೊಂದರೆ ಆಗಲ್ವಾ?”

“ಅದಕ್ಕೆ ಗೊತ್ತೂ ಆಗಲ್ಲ ಸರ್.”

“ಭಲೇ!” ಎಂದು ಯಜಮಾನರು ಫೋನಿಟ್ಟರು.

ಸಿಡುಕ ತಪ್ಪಿದ ಸಾಲು ಸೇರಿಸಿದ. ಎಲ್ಲಿ ಇನ್ನೇನು ಎಡವಟ್ಟಾಗುವುದೋ ಎಂದು ನಾಲ್ಕು ಸಲ ನೋಡಿದ. ‘ನೀನೀಗ ಎಂಟರಲ್ಲಿದ್ದೀಯ’ ಎಂದು ಲಿಫ್ಟಿಗೆ ತಿಳಿಸಿ ಚಾಲೂ ಮಾಡಿದ. ಮಧ್ಯಾಹ್ನ ಒಂದು ಗಂಟೆಗೆ ಯಜಮಾನರೂ ತಾತನೂ ಸುಖವಾಗಿ ಕೆಳಗಿಳಿದರು. ರಿಸೆಪ್ಷನ್ ಅಕ್ಕ ಚಪ್ಪಾಳೆ ತಟ್ಟಿದರು.

ಯಜಮಾನರು ನೇರ ಸಿಡುಕನ ಬಳಿ ಬಂದು ಬೆನ್ನು ತಟ್ಟಿದರು. “ನೀನು ಹೇಳಿದ ಪದ್ಧತಿ ಬಹಳ ಹಿಡಿಸ್ತು ಕಣಯ್ಯ.”

“ಹಾಗಾದ್ರೆ ಸರ್, ನಾನು ಹಿರಿಯ ಇಂಜಿನಿಯರ್...”

“ನಿನ್ನನ್ನ ಯಾಕಯ್ಯ ಮುಟ್ಲಿ? ಮೇಲೆ ಸುಮ್ನೆ ಕೂತಿದ್ನಲ್ಲ, ಫೋನಲ್ಲೇ ಒಬ್ಬನನ್ನ ಗೊತ್ತು ಮಾಡ್ದೆ. ನಿನ್ನಷ್ಟೇ ಓದು, ನಿನ್ನಷ್ಟೇ ಅನುಭವ. ಹುದ್ದೆ ಮಾತ್ರ ಬೇರೆ, ಹಿರಿಯ ಇಂಜಿನಿಯರ್. ಸೋಮವಾರದಿಂದ ಬರ್ತಾನೆ, ಕೆಲಸ ಕಲಿಸು. ನೀನು ಹೇಗಿದೀಯೋ ಹಾಗೇ ಇರು.”

ಸಿಡುಕ ಕೆಂಪಗಾಗಿ ಎದ್ದ ರಭಸಕ್ಕೆ ಮುರುಕು ಕುರ್ಚಿ ಮಗುಚಿಬಿತ್ತು. “ಇದು ಅನ್ಯಾಯ ಸರ್!”

ಯಜಮಾನರು ನಿಜಕ್ಕೂ ಆಶ್ಚರ್ಯಪಟ್ಟರು. “ಹಳೇದಕ್ಕೆ ಗೊತ್ತೂ ಆಗಲ್ಲ ಅಂದ್ಯಲ್ಲಯ್ಯ?”